ದೂರದ ಸವಾರಿಗೆ ಹೊಂದುವ ಸೈಕಲ್ ಸೀಟನ್ನು ಆರಿಸುವುದು ಹೇಗೆ?

ಹೊಸ ಸವಾರ:

ಎಲ್ಲರಿಗೂ ನಮಸ್ಕಾರ. ನೇರ ಹ್ಯಾಂಡಲ್ ಇರುವ ಹೈಬ್ರಿಡ್ ಸೈಕಲ್ಲನ್ನು ಕೆಲಸಕ್ಕೆ ಹೋಗಿಬರಲು ಬಳಸುತ್ತಿದ್ದೇನೆ. ಈಚೆಗೆ ರಜಾದಿನಗಳಲ್ಲಿ ನಲವತ್ತು ಐವತ್ತು ಕಿಲೋಮೀಟರ್ ಹೋಗುವ ಅಭ್ಯಾಸವೂ ಆಗಿದೆ. ಸೈಕಲ್ಲಿನೊಂದಿಗೇ ಬಂದ ಸೀಟು ಅರ್ಧ ಗಂಟೆಯ ಸವಾರಿಗೆ ಏನೂ ತೊಂದರೆ ಕೊಡುವುದಿಲ್ಲ. ಗಂಟೆ ದಾಟಿತೆಂದರೆ ಕೂರುವ ಜಾಗ ನೋಯತೊಡಗುತ್ತದೆ. ಅದಕ್ಕೆಂದು ದಪ್ಪನೆಯ ಜೆಲ್ ಕವರ್ ಹಾಕಿದ್ದೇನೆ. ಮೂಳೆಯ ನೋವು ಸ್ವಲ್ಪ ತಗ್ಗಿದೆ, ಆದರೆ ನಡುವಿನ ಮೃದು ಭಾಗಕ್ಕೆ ಜೋಮು ಹಿಡಿಯುತ್ತಿದೆ, ಜೊತೆಗೆ ಬಲತೊಡೆಯ ಒಳಭಾಗ ಸೀಟಿಗೆ ಉಜ್ಜಿ ಕೆಂಪಾಗುತ್ತಿದೆ. ಇದಕ್ಕಿಂತ ಅಗಲವಾದ, ಸ್ಪ್ರಿಂಗ್ ಇರುವ ಮೆತ್ತನೆಯ ಸೀಟು ಕೊಳ್ಳಬೇಕೇ, ಅಥವಾ ರೇಸ್ ಸೈಕಲ್ಲುಗಳಲ್ಲಿ ಕಾಣುವ ತೆಳ್ಳನೆಯ ಗಟ್ಟಿ ಸೀಟು ನನ್ನಂಥವರಿಗೂ ಹೊಂದುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ದೂರಸವಾರಿ:

ನೀವು ಬರೆದಿರುವುದರಲ್ಲಿ ಮೂರು ತೊಂದರೆಗಳಿವೆ, ಮೂರಕ್ಕೂ ಕಾರಣ ಬೇರೆ ಬೇರೆ. ಕೂರುವ ಮೂಳೆಯ ನೋವು ಒಂದು, ನಡುವಿನ ಜೋಮು ಇನ್ನೊಂದು, ತೊಡೆಯ ಉಜ್ಜುವಿಕೆ ಮತ್ತೊಂದು. ಹೊಸ ಸೀಟಿನ ಮಾತಿಗೆ ಹೋಗುವ ಮೊದಲು ಇವನ್ನು ಬಿಡಿಬಿಡಿಯಾಗಿ ನೋಡುವುದು ಅಗತ್ಯ, ಏಕೆಂದರೆ ಒಂದನ್ನು ತಗ್ಗಿಸಲು ಮಾಡಿದ ಉಪಾಯ ಇನ್ನೊಂದನ್ನು ಹೆಚ್ಚಿಸಬಲ್ಲದು. ಜೆಲ್ ಕವರ್ ನಿಮ್ಮ ಸವಾರಿಯಲ್ಲಿ ಮಾಡಿರುವುದೂ ಅದನ್ನೇ.

ಸೊಂಟದ ಮೂಳೆಗೂಡಿನ ಕೆಳತುದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಉಬ್ಬಿದ ಮೂಳೆಗಳಿವೆ. ಗಟ್ಟಿ ಬೆಂಚಿನ ಮೇಲೆ ಅಂಗೈಗಳನ್ನಿಟ್ಟು ಅವುಗಳ ಮೇಲೆ ಕುಳಿತರೆ ಕೈಗೆ ಸ್ಪಷ್ಟವಾಗಿ ತಾಗುವುದು ಅವೇ. ಸೈಕಲ್ಲಿನ ಮೇಲೆ ಮೈಭಾರವನ್ನು ಹೊರಬೇಕಾದವುಗಳೂ ಅವೇ. ಸೀಟು ತೀರಾ ಮೆತ್ತಗಿದ್ದರೆ ಈ ಎರಡು ಮೂಳೆಗಳೂ ಸ್ಪಂಜಿನೊಳಕ್ಕೆ ಇಳಿದುಹೋಗುತ್ತವೆ. ಅವು ಇಳಿದಷ್ಟೂ ಅವುಗಳ ನಡುವಿನ ಸ್ಪಂಜು ಮೇಲಕ್ಕುಬ್ಬಿ, ಭಾರವನ್ನು ಎಂದಿಗೂ ಹೊರಬಾರದ ಮೃದು ಭಾಗವನ್ನು ಒತ್ತುತ್ತದೆ. ಆ ಭಾಗದಲ್ಲಿ ನರಗಳೂ ರಕ್ತನಾಳಗಳೂ ಹಾದುಹೋಗುವುದರಿಂದ ಜೋಮು ಬರುತ್ತದೆ. ಕೈಯಿಂದ ಒತ್ತಿ ನೋಡಿದಾಗ ಅಥವಾ ಐದು ನಿಮಿಷ ಕುಳಿತಾಗ ಹಿತವೆನಿಸುವ ಸೀಟು ಎರಡು ಗಂಟೆಯ ನಂತರ ಹಿಂಸೆಯಾಗುವುದಕ್ಕೆ ಇದೇ ಕಾರಣ. ಹೀಗಾಗಿ ಎಷ್ಟು ಮೆತ್ತಗಿದೆ ಎಂಬುದಕ್ಕಿಂತ ಮೊದಲು, ಈ ಎರಡು ಮೂಳೆಗಳೂ ಪೂರ್ತಿಯಾಗಿ ಸೀಟಿನ ಮೇಲೆ ಕೂರುವಷ್ಟು ಅಗಲವಿದೆಯೇ ಎಂದು ನೋಡಬೇಕು.

ಅಗಲವನ್ನು ಮನೆಯಲ್ಲೇ ಅಳೆದುಕೊಳ್ಳಬಹುದು. ದಪ್ಪ ರಟ್ಟಿನ ಪೆಟ್ಟಿಗೆಯಿಂದ ಒಂದು ತುಂಡನ್ನು ಕತ್ತರಿಸಿ, ಮೆತ್ತೆಯಿಲ್ಲದ ಗಟ್ಟಿ ಸ್ಟೂಲಿನ ಮೇಲಿಟ್ಟು, ತೆಳುವಾದ ಬಟ್ಟೆ ಧರಿಸಿ ಅದರ ಮೇಲೆ ಕುಳಿತುಕೊಳ್ಳಿ. ಮೊಣಕಾಲುಗಳು ಸೊಂಟಕ್ಕಿಂತ ಸ್ವಲ್ಪ ಮೇಲಿರುವಂತೆ ಹಿಮ್ಮಡಿಗಳನ್ನೆತ್ತಿ, ಸವಾರಿ ಮಾಡುವಾಗ ಬಾಗುವಷ್ಟೇ ಮುಂದಕ್ಕೆ ಬಾಗಿ, ಸ್ಟೂಲಿನ ಅಂಚನ್ನು ಹಿಡಿದು ಮೈಯನ್ನು ಒಮ್ಮೆ ಕೆಳಕ್ಕೆ ಒತ್ತಿ. ಎದ್ದಾಗ ರಟ್ಟಿನಲ್ಲಿ ಎರಡು ತಗ್ಗುಗಳು ಕಾಣುತ್ತವೆ, ಕಾಣದಿದ್ದರೆ ಬೆರಳಾಡಿಸಿದರೆ ತಿಳಿಯುತ್ತದೆ. ಒಂದರ ನಡುವಿನಿಂದ ಇನ್ನೊಂದರ ನಡುವಿನವರೆಗೆ ಮಿಲಿಮೀಟರಿನಲ್ಲಿ ಅಳೆಯಿರಿ. ಹೆಚ್ಚಿನ ವಯಸ್ಕರಲ್ಲಿ ಇದು 100ರಿಂದ 140 ಮಿಲಿಮೀಟರ್ ಆಸುಪಾಸಿನಲ್ಲಿರುತ್ತದೆ. ಮೈಯ ಗಾತ್ರಕ್ಕೂ ಈ ಅಳತೆಗೂ ನೇರ ಸಂಬಂಧವಿಲ್ಲದಿರುವುದರಿಂದ, ತೆಳ್ಳಗಿರುವವರಿಗೆ ಅಗಲದ ಸೀಟೂ ದಪ್ಪಗಿರುವವರಿಗೆ ಕಿರಿದಾದ ಸೀಟೂ ಹೊಂದುವುದುಂಟು. ಅಂದಾಜಿನಿಂದ ಕೊಳ್ಳಬೇಡಿ.

ಬಂದ ಅಳತೆಗೆ ಹೈಬ್ರಿಡ್ ಸೈಕಲ್ಲಿನ ಭಂಗಿಯಲ್ಲಿ 25ರಿಂದ 30 ಮಿಲಿಮೀಟರ್ ಸೇರಿಸಿದರೆ ಬೇಕಾದ ಸೀಟಿನ ಅಗಲ ಸಿಗುತ್ತದೆ. ತುಂಬ ಮುಂದಕ್ಕೆ ಬಾಗಿ ಓಡಿಸುವವರಿಗೆ ಇಷ್ಟು ಬೇಕಿಲ್ಲ. ಬಾಗಿದಾಗ ಭಾರವು ಉಬ್ಬುಮೂಳೆಗಳಿಂದ ಅವುಗಳ ಮುಂದಿರುವ, ಮುಂದಕ್ಕೆ ಹೋದಂತೆ ಒಂದಕ್ಕೊಂದು ಹತ್ತಿರವಾಗುವ ಮೂಳೆಯ ತೋಳುಗಳ ಕಡೆಗೆ ಸರಿಯುತ್ತದೆ. ಬೆನ್ನನ್ನು ಪೂರ್ತಿ ನೇರವಾಗಿಟ್ಟು ಕೂರುವವರಿಗೆ ಇದಕ್ಕಿಂತ ಹೆಚ್ಚು ಅಗಲ ಬೇಕು, ಸ್ಪ್ರಿಂಗೂ ಅವರಿಗೆ ಉಪಯುಕ್ತ. ರೇಸಿನವರ ಸೀಟು ಕಿರಿದಾಗಿರುವುದೂ ಊರೊಳಗಿನ ಸೈಕಲ್ಲಿನದು ಅಗಲವಾಗಿರುವುದೂ ಅವರವರ ಬೆನ್ನಿನ ಕೋನಕ್ಕೆ ತಕ್ಕಂತೆ ಇದೆ.

ಸೈಕಲ್ ರಿಪೇರಿಯವರು:

ಮೇಲಿನವರು ಹೇಳಿದ್ದು ಸರಿಯಾಗಿದೆ. ಆದರೆ ಅಗಲಕ್ಕಿಂತಲೂ ಮೊದಲು ಈಗಿರುವ ಸೀಟಿನ ಎತ್ತರ, ಓರೆ, ಹಿಂದುಮುಂದಿನ ಸ್ಥಾನ ಇವನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ. ಸೀಟು ಸರಿಯಿಲ್ಲವೆಂದು ಸೈಕಲ್ ತರುವವರಲ್ಲಿ ಬಹಳ ಮಂದಿಗೆ ಬೋಲ್ಟ್ ತಿರುಗಿಸುವ ಅಲೆನ್ ಕೀಯಿಂದಲೇ ಕೆಲಸವಾಗುತ್ತದೆ, ಹೊಸ ಸೀಟು ಬೇಕಾಗುವುದಿಲ್ಲ.

ಬಲತೊಡೆ ಮಾತ್ರ ಉಜ್ಜುತ್ತಿದೆ ಎಂದಿರಿ. ಒಂದೇ ಕಡೆಯ ಉಜ್ಜುವಿಕೆ ಕಂಡರೆ ನಾನು ಮೊದಲು ಸಂಶಯಿಸುವುದು ಸೀಟಿನ ಎತ್ತರವನ್ನು. ಸೀಟು ಎತ್ತರವಾದಾಗ ಪೆಡಲ್ ಕೆಳಗಿರುವ ಕಡೆಗೆ ಸೊಂಟ ಜಾರುತ್ತದೆ. ಎರಡೂ ಕಡೆ ಸಮನಾಗಿ ಜಾರುವವರು ಕಡಿಮೆ, ಹೆಚ್ಚಿನವರು ತಮಗರಿವಿಲ್ಲದೆ ಒಂದು ಕಡೆಗೇ ಇಳಿದು ಕೂರುತ್ತಾರೆ. ನಿಮ್ಮ ಹಿಂದೆ ಇನ್ನೊಬ್ಬರು ಸೈಕಲ್ಲಿನಲ್ಲಿ ಬಂದು, ಅಥವಾ ಹಿಂದಿನಿಂದ ಫೋನಿನಲ್ಲಿ ಚಿತ್ರೀಕರಿಸಿ, ಸೊಂಟ ತೊಯ್ದಾಡುತ್ತಿದೆಯೇ ಎಂದು ನೋಡಲಿ. ಸೀಟಿನ ಮೂಗು, ಎಂದರೆ ಅದರ ಕಿರಿದಾದ ಮುಂದಿನ ತುದಿ, ನೆಟ್ಟಗೆ ಮುಂದಿನ ಚಕ್ರದ ಕಡೆಗಿದೆಯೇ, ಪಕ್ಕಕ್ಕೆ ತಿರುಗಿದೆಯೇ ಎಂಬುದನ್ನೂ ಗಮನಿಸಿ. ಇವೆರಡೂ ಸರಿಯಿದ್ದು ತೊಂದರೆ ಹೋಗದಿದ್ದರೆ ಕಾಲುಗಳ ಉದ್ದದಲ್ಲಿ ವ್ಯತ್ಯಾಸವಿರಬಹುದು. ಅದನ್ನು ಬಲ್ಲವರಲ್ಲಿ ತೋರಿಸಬೇಕಾಗುತ್ತದೆ.

ಎತ್ತರವನ್ನು ಹೊಂದಿಸಲು ಸುಲಭವಾದ ದಾರಿಯೆಂದರೆ, ಗೋಡೆಗೆ ಆನಿಸಿದ ಸೈಕಲ್ಲಿನ ಮೇಲೆ ಕುಳಿತು ಪೆಡಲನ್ನು ತೀರಾ ಕೆಳಕ್ಕೆ ತಂದು ಹಿಮ್ಮಡಿಯನ್ನು ಅದರ ಮೇಲಿಡುವುದು. ಆಗ ಮೊಣಕಾಲು ನೆಟ್ಟಗಾಗಬೇಕು, ಸೊಂಟ ಓರೆಯಾಗಬಾರದು. ಪಾದದ ಮುಂಭಾಗವನ್ನು ಪೆಡಲಿಗೆ ತಂದಾಗ ತಾನಾಗಿಯೇ ಮೊಣಕಾಲಿನಲ್ಲಿ ಸಾಕಷ್ಟು ಬಾಗು ಉಳಿಯುತ್ತದೆ. ಈ ಬಾಗು 25ರಿಂದ 35 ಡಿಗ್ರಿಯ ಒಳಗಿದ್ದರೆ ಒಳ್ಳೆಯದು. ಲೆಕ್ಕ ಇಷ್ಟಪಡುವವರು ಒಳಗಾಲಿನ ಉದ್ದವನ್ನು (ತೊಡೆಸಂದಿನಿಂದ ನೆಲದವರೆಗಿನ ಅಳತೆ) 0.883ರಿಂದ ಗುಣಿಸಿ, ಕ್ರ್ಯಾಂಕಿನ (ಪೆಡಲುಗಳನ್ನು ಹಿಡಿದಿರುವ ತೋಳುಗಳ) ತಿರುಗುವ ನಡುವಿನಿಂದ ಸೀಟಿನ ಮೇಲ್ಮೈಯವರೆಗೆ ಅಷ್ಟು ಅಂತರವಿಡುತ್ತಾರೆ. ಟೂರ್ ಡಿ ಫ್ರಾನ್ಸ್ ಎಂಬ ಸೈಕಲ್ ಮಹಾಪಂದ್ಯವನ್ನು ಮೂರು ಬಾರಿ ಗೆದ್ದ ಗ್ರೆಗ್ ಲೆಮಾಂಡ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರವಿದು. ಒಳಗಾಲು 80 ಸೆಂಟಿಮೀಟರ್ ಇದ್ದರೆ 70.6 ಬರುತ್ತದೆ. ಇದನ್ನು ಆರಂಭದ ಅಳತೆಯೆಂದು ಮಾತ್ರ ತಿಳಿಯಿರಿ. ಅಂದ ಹಾಗೆ, ಸೀಟು ತೀರಾ ತಗ್ಗಿದ್ದರೂ ಕುಂಡಿ ನೋಯುತ್ತದೆ, ಏಕೆಂದರೆ ಕಾಲುಗಳು ಪೆಡಲಿನ ಮೇಲೆ ಹೊರಬೇಕಾದ ಭಾರದ ಪಾಲೂ ಸೀಟಿನ ಮೇಲೆಯೇ ಬೀಳುತ್ತದೆ.

ಓರೆಯ ವಿಷಯದಲ್ಲಿ ಸಮತಟ್ಟಿನಿಂದಲೇ ಆರಂಭಿಸಿ. ಗಟ್ಟಿ ಪುಸ್ತಕವೊಂದನ್ನು ಸೀಟಿನ ಉದ್ದಕ್ಕಿಟ್ಟು ಅದರ ಮೇಲೆ ರಸಮಟ್ಟವನ್ನೋ ಫೋನಿನ ಮಟ್ಟವನ್ನೋ ಇಟ್ಟು ನೋಡಿ. ಸೈಕಲ್ ನಿಂತ ನೆಲವೂ ಮಟ್ಟವಾಗಿರಬೇಕು. ಮೂಗು ಮೇಲಕ್ಕೆದ್ದಿದ್ದರೆ ಜೋಮು ಖಚಿತ. ಹಾಗೆಂದು ಬಹಳ ಕೆಳಕ್ಕೆ ಬಾಗಿಸಿದರೆ ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಅದನ್ನು ತಡೆಯಲು ಕೈಗಳು ಹ್ಯಾಂಡಲನ್ನು ಒತ್ತುತ್ತಲೇ ಇರುತ್ತವೆ, ಅಂಗೈಗೂ ಭುಜಕ್ಕೂ ನೋವು ಶುರುವಾಗುತ್ತದೆ. ಒಂದೆರಡು ಡಿಗ್ರಿಗಿಂತ ಹೆಚ್ಚು ಇಳಿಸಬೇಕಾಗಿ ಬಂದರೆ ಸೀಟಿನ ಆಕಾರವೋ ಹ್ಯಾಂಡಲಿನ ದೂರವೋ ನಿಮಗೆ ಹೊಂದುತ್ತಿಲ್ಲವೆಂದು ತಿಳಿಯಬೇಕು. ಹ್ಯಾಂಡಲ್ ದೂರವಿರುವವರು ಅದನ್ನು ಎಟುಕಿಸಿಕೊಳ್ಳಲು ಸೀಟಿನ ಮೂಗಿನ ಮೇಲೆ ಬಂದು ಕೂರುತ್ತಾರೆ. ಅಲ್ಲಿ ಕೂರುವ ಮೂಳೆಗೆ ಆಧಾರವೇ ಇರುವುದಿಲ್ಲ. ಅವರಿಗೆ ಬೇಕಾದದ್ದು ಗಿಡ್ಡ ಸ್ಟೆಮ್, ಎಂದರೆ ಹ್ಯಾಂಡಲನ್ನು ಸೈಕಲ್ಲಿಗೆ ಸೇರಿಸುವ ಗಿಡ್ಡ ತುಂಡು.

ಹೊಸ ಸವಾರ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ರಟ್ಟಿನ ಮೇಲೆ ಅಳೆದಾಗ 118 ಮಿಲಿಮೀಟರ್ ಬಂತು. ಎತ್ತರವನ್ನು ಇಂದು ಸಂಜೆ ಪರೀಕ್ಷಿಸುತ್ತೇನೆ. ಅಷ್ಟರಲ್ಲಿ ಒಂದು ಸಂದೇಹ: ಜೋಮನ್ನು ಎಷ್ಟರ ಮಟ್ಟಿಗೆ ಗಂಭೀರವಾಗಿ ತೆಗೆದುಕೊಳ್ಳಬೇಕು? ಸೈಕಲ್ಲಿನಿಂದ ಇಳಿದು ಸ್ವಲ್ಪ ನಡೆದರೆ ಹೋಗಿಬಿಡುತ್ತದೆ.

ಫಿಸಿಯೋಥೆರಪಿ ವೃತ್ತಿಯವಳು:

ಗಂಭೀರವಾಗಿಯೇ ತೆಗೆದುಕೊಳ್ಳಿ. ಮೂಳೆಯ ಮೇಲಿನ ನೋವು ಹೊಸಬರಿಗೆ ಮೊದಲ ಕೆಲವು ವಾರ ಇರುವುದು ಸಹಜ, ಅಭ್ಯಾಸವಾದಂತೆ ತಗ್ಗುತ್ತದೆ. ಜೋಮಿನ ಮಾತು ಹಾಗಲ್ಲ, ಅದಕ್ಕೆ ದೇಹವನ್ನು ಒಗ್ಗಿಸಬಾರದು. ಜನನಾಂಗಕ್ಕೂ ಗುದದ ಸುತ್ತಲಿನ ಭಾಗಕ್ಕೂ ಸ್ಪರ್ಶಜ್ಞಾನ ಒದಗಿಸುವ ಪ್ಯುಡೆಂಡಲ್ ನರ ಕೂರುವ ಮೂಳೆಯ ಒಳಬದಿಯಲ್ಲೇ ಸಾಗುತ್ತದೆ, ರಕ್ತನಾಳಗಳೂ ಅದರ ಜೊತೆಗೇ ಇವೆ. ಸೀಟು ಅವನ್ನು ಒತ್ತುತ್ತಿದೆ ಎಂಬುದರ ಸೂಚನೆಯೇ ಜೋಮು. ಸವಾರಿಯ ನಡುವೆ ಅದು ಕಾಣಿಸಿದ ಕೂಡಲೇ ಪೆಡಲ್ ಮೇಲೆ ಎದ್ದು ನಿಂತು ಅರ್ಧ ನಿಮಿಷ ತುಳಿಯಿರಿ, ಹೋಗದಿದ್ದರೆ ಇಳಿಯಿರಿ. ತೊಂದರೆ ಇಲ್ಲದಿದ್ದಾಗಲೂ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎದ್ದು ನಿಲ್ಲುವುದನ್ನು ರೂಢಿಸಿಕೊಳ್ಳಿ. ಇಳಿದ ಮೇಲೂ ಗಂಟೆಗಟ್ಟಲೆ ಉಳಿದರೆ, ಮೂತ್ರ ವಿಸರ್ಜನೆಯಲ್ಲಿ ಅಥವಾ ಲೈಂಗಿಕ ಕ್ರಿಯೆಯಲ್ಲಿ ಬದಲಾವಣೆ ಕಂಡರೆ, ಸಂಕೋಚಪಡದೆ ವೈದ್ಯರನ್ನು ಕಾಣಬೇಕು. ಈ ಸಂಕೋಚದಿಂದಲೇ ಬಹಳ ಜನ ತಡವಾಗಿ ಬರುತ್ತಾರೆ, ಅದಕ್ಕಾಗಿ ಇಲ್ಲಿ ಬಿಚ್ಚಿ ಬರೆದಿದ್ದೇನೆ.

ಇದರ ಬಗ್ಗೆ ಅಧ್ಯಯನಗಳೂ ನಡೆದಿವೆ. 2002ರಲ್ಲಿ ಯೂರೋಪಿನ ಮೂತ್ರರೋಗ ಪತ್ರಿಕೆಯೊಂದರಲ್ಲಿ ಪ್ರಕಟವಾದ ಜರ್ಮನಿಯ ಸಂಶೋಧಕರ ಅಧ್ಯಯನದಲ್ಲಿ, ಆರೋಗ್ಯವಂತ ಪುರುಷರನ್ನು ಬೇರೆ ಬೇರೆ ಸೀಟುಗಳ ಮೇಲೆ ಕೂರಿಸಿ ಜನನಾಂಗದ ಆಮ್ಲಜನಕದ ಒತ್ತಡವನ್ನು ಅಳೆದರು. ದಪ್ಪ ಮೆತ್ತೆಯಿದ್ದ ಕಿರಿದಾದ ಸೀಟಿನ ಮೇಲೆ ಅದು ಸುಮಾರು ಶೇಕಡಾ 82ರಷ್ಟು ಕುಸಿಯಿತು. ಮೂಗಿಲ್ಲದ ಅಗಲದ ಸೀಟಿನ ಮೇಲೆ ಕುಸಿತ ಶೇಕಡಾ 20ರಷ್ಟು ಮಾತ್ರ. ಮೆತ್ತೆಗಿಂತ ಅಗಲ ಮುಖ್ಯವೆಂಬುದೇ ಅವರ ತೀರ್ಮಾನವೂ ಆಗಿತ್ತು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು ಸೈಕಲ್ ಮೇಲೆ ಗಸ್ತು ತಿರುಗುವ ಪೊಲೀಸರಿಗೆ ಆರು ತಿಂಗಳು ಮೂಗಿಲ್ಲದ ಸೀಟು ಕೊಟ್ಟು ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅವರಲ್ಲಿ ಜೋಮಿನ ದೂರು ಗಣನೀಯವಾಗಿ ಇಳಿದಿತ್ತು. ಇದರಿಂದ ಎಲ್ಲರೂ ಮೂಗಿಲ್ಲದ ಸೀಟಿಗೆ ಹೋಗಬೇಕೆಂದೇನೂ ಇಲ್ಲ. ತಿರುವುಗಳಲ್ಲಿ ತೊಡೆಯಿಂದ ಸೈಕಲ್ಲನ್ನು ಹತೋಟಿಯಲ್ಲಿಡಲು ಮೂಗು ನೆರವಾಗುತ್ತದೆ, ಅದಿಲ್ಲದ ಸೀಟಿಗೆ ಹೊಂದಿಕೊಳ್ಳಲು ಸಮಯ ಬೇಕು. ಅಗಲ, ಎತ್ತರ, ಓರೆ ಮೂರನ್ನೂ ಸರಿಪಡಿಸಿದ ಮೇಲೂ ಜೋಮು ಬಿಡದವರಿಗೆ ಅದು ಒಳ್ಳೆಯ ದಾರಿ.

ಚರ್ಮದ ಸೀಟಿನವರು:

ಇಷ್ಟು ಚರ್ಚೆಯಲ್ಲಿ ಚರ್ಮದ ಸೀಟಿನ ಹೆಸರು ಬರಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ಜಾನ್ ಬೋಲ್ಟ್‌ಬೀ ಬ್ರೂಕ್ಸ್ ಅವರು 1866ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆರಂಭಿಸಿದ ಚರ್ಮದ ಉದ್ಯಮ ಮುಂದೆ ಸೈಕಲ್ ಸೀಟಿಗೆ ಹೆಸರಾಯಿತು. ಅವರ ಬಿ17 ಎಂಬ ಸೀಟು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಂದಿನವರೆಗೂ ತಯಾರಾಗುತ್ತಿದೆ. ಇದರಲ್ಲಿ ಸ್ಪಂಜೂ ಇಲ್ಲ, ಜೆಲ್ಲೂ ಇಲ್ಲ. ಉಕ್ಕಿನ ಚೌಕಟ್ಟಿಗೆ ಹಿಂದೆಯೂ ಮುಂದೆಯೂ ರಿವೆಟ್ ಹೊಡೆದು ದಪ್ಪ ಚರ್ಮವನ್ನು ತೂಗುಮಂಚದಂತೆ ಬಿಗಿದಿರುತ್ತಾರೆ. ಸವಾರರ ಭಾರಕ್ಕೆ ಚರ್ಮ ಮೆಲ್ಲಮೆಲ್ಲನೆ ಅವರವರ ಮೂಳೆಯ ಜಾಗದಲ್ಲೇ ತಗ್ಗುತ್ತದೆ, ನಡುವೆ ಉಬ್ಬುವುದಿಲ್ಲ. ಗಾಳಿಯೂ ಆಡುವುದರಿಂದ ಬೆವರು ಕಡಿಮೆ. ಹಲವು ನೂರು ಕಿಲೋಮೀಟರುಗಳವರೆಗೆ ಗಟ್ಟಿಯಾಗಿಯೇ ಇರುತ್ತದೆ ಎಂಬುದನ್ನು ಮಾತ್ರ ಮೊದಲೇ ತಿಳಿದಿರಬೇಕು. ಅಷ್ಟು ತಾಳ್ಮೆಯಿದ್ದವರಿಗೆ ದಶಕಗಳ ಕಾಲ ಬಾಳುವ ಸೀಟದು. ತಯಾರಕರು ಹೇಳಿದ ಮೇಣವನ್ನು ಆಗೊಮ್ಮೆ ಈಗೊಮ್ಮೆ ತೆಳ್ಳಗೆ ಹಚ್ಚಬೇಕು, ಮಳೆಯಲ್ಲಿ ಹೊದಿಕೆ ಹಾಕಬೇಕು, ನೆನೆದರೆ ನೆರಳಿನಲ್ಲೇ ಒಣಗಿಸಬೇಕು. ನೆನೆದ ಚರ್ಮದ ಮೇಲೆ ಕುಳಿತರೆ ಅದು ಹಿಗ್ಗಿ ಆಕಾರ ಕೆಡುತ್ತದೆ.

ದೂರಸವಾರಿ:

ಚರ್ಮದ ಸೀಟಿನ ಗುಣಗಳನ್ನು ಒಪ್ಪುತ್ತೇನೆ, ಆದರೆ ಹೊಸಬರಿಗೆ ಅದನ್ನೇ ಮೊದಲು ಸೂಚಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಚರ್ಮ ತಗ್ಗುವುದು ಸವಾರರು ಕುಳಿತ ಜಾಗದಲ್ಲಿ. ಎತ್ತರವೂ ಸ್ಥಾನವೂ ಇನ್ನೂ ನಿರ್ಧಾರವಾಗದವರು ವಾರಕ್ಕೊಂದು ಕಡೆ ಕುಳಿತರೆ ತಗ್ಗೂ ತಪ್ಪಾದ ಕಡೆಯೇ ಬೀಳುತ್ತದೆ. ಅಗಲದ ಲೆಕ್ಕವೂ ಬೇರೆ. ಬಿ17 ಸುಮಾರು 175 ಮಿಲಿಮೀಟರ್ ಅಗಲವಿದ್ದರೂ ಹಿಂದಿನ ಉಕ್ಕಿನ ಪಟ್ಟಿಯ ಮೇಲೆ ಮೂಳೆ ಕೂರಬಾರದಾದ್ದರಿಂದ ಬಳಸಲು ಸಿಗುವ ಜಾಗ ಅದಕ್ಕಿಂತ ಕಡಿಮೆ. ನಡುವೆ ಸೀಳು ಅಥವಾ ತೂತು ಇರುವ ಸೀಟುಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅವು ಹಲವರಿಗೆ ಜೋಮು ತಪ್ಪಿಸುತ್ತವೆ, ಕೆಲವರಿಗೆ ಮಾತ್ರ ಆ ತೂತಿನ ಅಂಚೇ ಒತ್ತಿ ಹೊಸ ನೋವು ತರುತ್ತದೆ. ಅಂಥವರಿಗೆ ತೂತಿನ ಬದಲು ಆಳವಿಲ್ಲದ ಕಾಲುವೆಯಂಥ ತಗ್ಗು ಇರುವ ಸೀಟು ಹಿತ.

ದಿನವೂ ಸೈಕಲ್ ತುಳಿಯುವವಳು:

ಪುರುಷರ ತೊಂದರೆಯ ಬಗ್ಗೆ ಸಾಕಷ್ಟು ಬರೆದಿದ್ದೀರಿ, ಹೆಂಗಸರ ಮಾತನ್ನೂ ಸೇರಿಸಬೇಕೆಂದು ಬಂದೆ. ಹೆಂಗಸರಲ್ಲಿ ಕೂರುವ ಮೂಳೆಗಳ ಅಂತರ ಸರಾಸರಿಯಲ್ಲಿ ಹೆಚ್ಚು ಎಂಬುದು ನಿಜ. ಆದರೆ ಸರಾಸರಿ ನಮ್ಮ ಅಳತೆಯಲ್ಲ. ಹೆಂಗಸರ ಸೀಟು ಎಂಬ ಚೀಟಿಯನ್ನಷ್ಟೇ ನಂಬಿ ಕೊಂಡ ಅಗಲವಾದ ಮೆತ್ತನೆಯ ಸೀಟು, ಮೂಳೆಗಳ ಅಂತರ ಕಡಿಮೆಯಿರುವ ಮತ್ತು ಮುಂದಕ್ಕೆ ಬಾಗಿ ಓಡಿಸುವ ಹೆಂಗಸಿನ ತೊಡೆಗಳನ್ನು ಎರಡೂ ಕಡೆ ಉಜ್ಜುತ್ತದೆ. ಇನ್ನೊಂದು ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಾಗಿದಾಗ ನಮಗೆ ಒತ್ತಡ ಬೀಳುವುದು ಮುಂಭಾಗದ ಮೃದು ಅಂಗಗಳ ಮೇಲೆ; ಊತ, ಉರಿ, ತರಚು ಅಲ್ಲಿಯೇ ಆಗುತ್ತವೆ. ಸೀಟಿನ ಹಿಂದಿನ ಅಗಲ ಎಷ್ಟೇ ಸರಿಯಿದ್ದರೂ ಮೂಗಿನ ಕಡೆಯ ಆಕಾರ ಸರಿಯಿಲ್ಲದಿದ್ದರೆ ಈ ತೊಂದರೆ ಹೋಗುವುದಿಲ್ಲ. ಜಾರ್ಜಿನಾ ಟೆರಿ ಎಂಬ ಅಮೆರಿಕದ ಸೈಕಲ್ ತಯಾರಕಿ 1990ರ ದಶಕದಲ್ಲಿ ಹೆಂಗಸರಿಗಾಗಿ ಮುಂಭಾಗದಲ್ಲಿ ತೂತಿರುವ ಸೀಟನ್ನು ಮಾರುಕಟ್ಟೆಗೆ ತಂದದ್ದು ಈ ಕಾರಣಕ್ಕೇ. ಈಗ ಬರುತ್ತಿರುವ ಮೂಗು ಗಿಡ್ಡವಾದ ಸೀಟುಗಳೂ ಹಲವು ಹೆಂಗಸರಿಗೆ ಹೊಂದುತ್ತವೆ, ಅವುಗಳ ಮೇಲೆ ಯಾರ ಹೆಸರಿನ ಚೀಟಿ ಇದ್ದರೂ ಸರಿ.

ಬಟ್ಟೆಯ ಮಾತನ್ನೂ ಬಿಡುವಂತಿಲ್ಲ. ದೂರ ಹೋಗುವಾಗ ಮೆತ್ತೆ ಹೊಲಿದ ಸೈಕಲ್ ಚಡ್ಡಿಯನ್ನು ಒಳಉಡುಪಿಲ್ಲದೆ ಧರಿಸಬೇಕು, ಏಕೆಂದರೆ ಒಳಉಡುಪಿನ ಹೊಲಿಗೆಯೇ ಚರ್ಮವನ್ನು ಉಜ್ಜುತ್ತದೆ. ಮನೆಗೆ ಬಂದ ಕೂಡಲೇ ಅದನ್ನು ಬಿಚ್ಚಿ ಸ್ನಾನ ಮಾಡಿ. ಒಗೆಯದೆ ಮತ್ತೊಮ್ಮೆ ಧರಿಸಬೇಡಿ. ಬೆವರಿನ ಬಟ್ಟೆಯಲ್ಲೇ ಕುಳಿತಿದ್ದರೆ ಕೂದಲಿನ ಬುಡಕ್ಕೆ ಸೋಂಕು ತಗುಲಿ ಕುರುಗಳೇಳುತ್ತವೆ. ಕುರು ಎದ್ದಾಗ ಸವಾರಿ ನಿಲ್ಲಿಸುವುದೇ ಮದ್ದು.

ಹೊಸ ಸವಾರ:

ಎತ್ತರವನ್ನು ಪರೀಕ್ಷಿಸಿದಾಗ ಹಿಮ್ಮಡಿ ಪೆಡಲಿಗೆ ತಾಗುತ್ತಲೇ ಇರಲಿಲ್ಲ. ಸ್ವಲ್ಪಸ್ವಲ್ಪವೇ ಇಳಿಸಿ ಈಗ ಸರಿಯಾದ ಮಟ್ಟಕ್ಕೆ ತಂದಿದ್ದೇನೆ, ಜೆಲ್ ಕವರನ್ನೂ ತೆಗೆದಿದ್ದೇನೆ. ಬಲತೊಡೆಯ ಉಜ್ಜುವಿಕೆ ನಿಂತಿದೆ, ಜೋಮೂ ಬಂದಿಲ್ಲ. ಗಂಟೆಯ ನಂತರ ಮೂಳೆಗಳ ನೋವು ಮಾತ್ರ ಉಳಿದಿದೆ, ಅದೂ ಹೊರ ಅಂಚಿನಲ್ಲಿ. ಈಗಿನ ಸೀಟಿನ ಹಿಂಭಾಗ 130 ಮಿಲಿಮೀಟರ್ ಅಗಲವಿದೆ. ಅಂಗಡಿಯಲ್ಲಿ ಒಂದೇ ಮಾದರಿಯ ಸೀಟು 143 ಮತ್ತು 155 ಎಂಬ ಎರಡು ಅಗಲಗಳಲ್ಲಿದೆ. ಯಾವುದನ್ನು ಆರಿಸಲಿ?

ಸೈಕಲ್ ರಿಪೇರಿಯವರು:

ಕೊಳ್ಳುವ ಮೊದಲು ನಿಮ್ಮ ಸೀಟ್ ಪೋಸ್ಟಿನ (ಸೀಟನ್ನು ಹೊತ್ತ ಕೊಳವೆಯ) ತುದಿಯಲ್ಲಿ ಸೀಟಿನ ಅಡಿಯ ಕಂಬಿಗಳನ್ನು ಹಿಡಿಯುವ ಕ್ಲಾಂಪ್ ನೋಡಿಕೊಳ್ಳಿ. ಉಕ್ಕಿನ ಅಥವಾ ಟೈಟೇನಿಯಮ್ಮಿನ ಕಂಬಿಗಳಿರುವ ಸೀಟುಗಳಲ್ಲಿ ಕಂಬಿ 7 ಮಿಲಿಮೀಟರ್ ದಪ್ಪದ ದುಂಡಾಗಿರುತ್ತದೆ, ಬಹುತೇಕ ಎಲ್ಲ ಕ್ಲಾಂಪಿಗೂ ಹೊಂದುತ್ತದೆ. ಕಾರ್ಬನ್ ಕಂಬಿಗಳು ಸಾಮಾನ್ಯವಾಗಿ 7ಕ್ಕೆ 9ರ ಮೊಟ್ಟೆಯಾಕಾರ. ಎರಡು ಬದಿಯಿಂದ ಅದುಮುವ ಕ್ಲಾಂಪಿನಲ್ಲಿ ಅವು ಬಿರುಕುಬಿಡಬಹುದು. ಈಗಿನ ಸೀಟನ್ನು ಬಿಚ್ಚುವ ಮೊದಲು ಪೋಸ್ಟಿನ ಮೇಲೆ ಟೇಪಿನಿಂದ ಎತ್ತರವನ್ನು ಗುರುತು ಹಾಕಿ, ಸೀಟಿನ ಮೂಗಿನಿಂದ ಹ್ಯಾಂಡಲಿಗೆ ಇರುವ ದೂರವನ್ನು ಬರೆದಿಡಿ. ಹೊಸ ಸೀಟು ದಪ್ಪದಲ್ಲಿ ಬೇರೆಯಿರುವುದರಿಂದ ಪೋಸ್ಟಿನ ಗುರುತನ್ನಷ್ಟೇ ನಂಬದೆ ಕ್ರ್ಯಾಂಕಿನಿಂದ ಮೇಲ್ಮೈಗೆ ಮತ್ತೆ ಅಳೆಯಿರಿ. ಟಯರಿನ ಗಾಳಿಯನ್ನೂ ನೋಡಿ. ಪಕ್ಕದಲ್ಲಿ ಬರೆದಿರುವ ಗರಿಷ್ಠ ಒತ್ತಡದವರೆಗೆ ತುಂಬಿಸಿಕೊಂಡು ರಸ್ತೆಯ ಪ್ರತಿಯೊಂದು ಕಲ್ಲಿನ ಏಟನ್ನೂ ಮೂಳೆಗೆ ತಾಗಿಸಿಕೊಳ್ಳುವವರನ್ನು ನಾನು ಬಹಳ ಕಂಡಿದ್ದೇನೆ. ಭಾರಕ್ಕೆ ತಕ್ಕಷ್ಟು ಇಳಿಸಿದರೆ ಸೀಟೇ ಮೆತ್ತಗಾದಂತಾಗುತ್ತದೆ.

ದೂರಸವಾರಿ:

ಹೊರ ಅಂಚಿನಲ್ಲಿ ನೋವೆಂದರೆ ಮೂಳೆಗಳು ಅರ್ಧ ಸೀಟಿನ ಮೇಲೂ ಅರ್ಧ ಅದರ ಇಳಿಜಾರಿನ ಮೇಲೂ ಕೂರುತ್ತಿವೆ ಎಂದರ್ಥ. 118ರ ಅಳತೆಗೆ 130ರ ಸೀಟಿನಲ್ಲಿ ಪ್ರತಿ ಬದಿಗೂ ಉಳಿಯುವುದು ಕೇವಲ 6 ಮಿಲಿಮೀಟರ್. ಲೆಕ್ಕದ ಪ್ರಕಾರ ನಿಮಗೆ ಬೇಕಾದದ್ದು 143 ಮತ್ತು 148ರ ನಡುವೆ ಬರುತ್ತದೆ, ಆದ್ದರಿಂದ 143ನ್ನು ಮೊದಲು ನೋಡಿ. ಆದರೆ ಸೀಟಿನ ಮೇಲ್ಮೈಯನ್ನೂ ಗಮನಿಸಬೇಕು. ಹಿಂಭಾಗ ಚಪ್ಪಟೆಯಾಗಿದ್ದರೆ 143 ಪೂರ್ತಿ ಬಳಕೆಗೆ ಸಿಗುತ್ತದೆ. ಅಂಚುಗಳು ದುಂಡಗೆ ಇಳಿದಿದ್ದರೆ ಬಳಸಲು ಸಿಗುವ ಅಗಲ ಅದಕ್ಕಿಂತ ಕಡಿಮೆಯಾಗಿ, 155 ಸರಿಹೊಂದಬಹುದು. ಹಿಂದಿರುಗಿಸಲು ಒಪ್ಪುವ ಅಂಗಡಿಯಿದ್ದರೆ ಅಲ್ಲಿಂದಲೇ ತನ್ನಿ, ಇಲ್ಲವೇ ಗೆಳೆಯರಿಂದ ಎರವಲು ಪಡೆದು ಒಂದೂವರೆ ಎರಡು ಗಂಟೆಯ ಸವಾರಿ ಮಾಡಿ ನೋಡಿ. ಅಂಗಡಿಯ ಮುಂದಿನ ಸುತ್ತಿನಲ್ಲಿ ಏನೂ ತಿಳಿಯುವುದಿಲ್ಲ. ಸವಾರಿಯ ಕೊನೆಯಲ್ಲಿ ನೋವು ಹೊರ ಅಂಚಿನಿಂದ ಮೂಳೆಯ ನಡುವಿಗೆ ಬಂದು, ದಿನಗಳೆದಂತೆ ತಗ್ಗುತ್ತ ಹೋದರೆ 143ರಲ್ಲೇ ನಿಲ್ಲಿ. ಅಂಚಿನ ನೋವು ಹಾಗೆಯೇ ಉಳಿದರೆ 155ಕ್ಕೆ ಹೋಗಿ, ಅದು ಎರಡೂ ತೊಡೆಗಳನ್ನು ಸಮನಾಗಿ ಉಜ್ಜಿದರೆ ಹಿಂದಿರುಗಿಸಿ. ಪರೀಕ್ಷೆಯ ದಿನಗಳಲ್ಲಿ ಸೀಟನ್ನು ಬಿಟ್ಟು ಬೇರೇನನ್ನೂ ಬದಲಿಸಬೇಡಿ, ಚಡ್ಡಿಯನ್ನು ಕೂಡ.